ಗೂಡು ಹಳೇದು, ತಾಪತ್ರಯ ನೀರಿನದು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಹಿತ್ತಲಲ್ಲಿ ಹಳೇ ಕೋಳಿಗೂಡು ಇದೆ, ರಿಪೇರಿ ಮಾಡಿ ಕೋಳಿ ಜೊತೆ ಬಾತುಕೋಳಿನೂ ಸಾಕೋಣ ಅಂತಿದೀವಿ, ಎಲ್ಲಿಂದ ಶುರು ಮಾಡ್ಬೇಕು ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವತ್ತು ಪೂರ್ತಿ ಗೂಡಿನದೇ ಮಾತು.

ಪ್ರಶ್ನೆ: ನಾವು ತಗೊಂಡ ಮನೆ ಹಿಂದೆ ಎಂಟಡಿ ಉದ್ದ ಆರಡಿ ಅಗಲದ ಮರದ ಕೋಳಿಗೂಡು ಇದೆ, ಮೇಲೆ ತಗಡು, ಎರಡು ವರ್ಷದಿಂದ ಖಾಲಿ. 8 ಕೋಳಿ, 4 ಬಾತು ಸಾಕೋ ಪ್ಲ್ಯಾನ್. ಪೇಂಟ್ ಹೊಡ್ದು ಮೆಶ್ ಬದಲಾಯಿಸಿದ್ರೆ ಸಾಕಾ?

ಉತ್ತರ: ಪೇಂಟ್ ಕೊನೇ ಕೆಲಸ ಕಣ್ರೀ, ಎಲ್ಲರೂ ಅದನ್ನೇ ಮೊದಲು ಮಾಡ್ತಾರೆ. ಮೊದಲು ಜಾಗದ ಲೆಕ್ಕ ಹಾಕಿ. ಒಂದು ಕೋಳಿಗೆ ಗೂಡಿನ ಒಳಗೆ 4 ಚದರಡಿ, ಬಾತಿಗೆ 5 ಅಂತ ಇಟ್ಕೊಳ್ಳಿ. 8 ಕೋಳಿಗೆ 32, 4 ಬಾತಿಗೆ 20, ಒಟ್ಟು 52. ನಿಮ್ಮ ಹತ್ರ ಇರೋದು 48. ನಾಲ್ಕು ಚದರಡಿ ತಾನೇ, ಅಡ್ಜಸ್ಟ್ ಮಾಡ್ಕೊಳ್ತವೆ ಬಿಡಿ ಅನ್ನಿಸುತ್ತೆ, ಆದ್ರೆ ಎರಡು ದಿನ ಬಿಡದೆ ಮಳೆ ಸುರಿದು ಎಲ್ಲವೂ ಒಳಗೇ ಕೂತಾಗ ಆ ನಾಲ್ಕು ಚದರಡಿ ಏನು ಅಂತ ಗೊತ್ತಾಗೋದು, ಒಂದನ್ನೊಂದು ಕುಕ್ಕಿ ಪುಕ್ಕ ಕೀಳೋಕೆ ಶುರು ಮಾಡ್ತವೆ. ಕೋಳಿ ಏಳಕ್ಕೆ ಇಳಿಸಿ, ಸರಿಹೋಗುತ್ತೆ. ಮೊಟ್ಟೆ ಬಾಕ್ಸ್‌ಗಳನ್ನ ಗೋಡೆಯ ಹೊರಗೆ ಚಾಚಿಕೊಂಡಿರೋ ಹಾಗೆ ಮಾಡಿಸಿದ್ರೆ ನೆಲದ ಜಾಗನೂ ಉಳಿಯುತ್ತೆ, ಹೊರಗಿಂದಲೇ ಮುಚ್ಚಳ ತೆಗೆದು ಮೊಟ್ಟೆ ತಗೋಬಹುದು. ಹೊರಗಿನ ಅಂಗಳ ಮಾತ್ರ ಧಾರಾಳವಾಗಿರ್ಲಿ, ಕೋಳಿಗೆ ತಲಾ 10, ಬಾತಿಗೆ 15 ಚದರಡಿಗೆ ಕಮ್ಮಿ ಆಗೋದು ಬೇಡ.

ಆಮೇಲೆ ಒಂದು ಸ್ಕ್ರೂಡ್ರೈವರ್ ಹಿಡ್ಕೊಂಡು ಗೂಡು ಸುತ್ತಿ. ಕಂಬದ ಬುಡ, ನೆಲದ ಹಲಗೆ, ತಗಡಿನ ಕೆಳಗಿನ ಅಡ್ಡಪಟ್ಟಿ, ಎಲ್ಲಾ ಕಡೆ ಚುಚ್ಚಿ ನೋಡಿ. ಮೊನೆ ಬೆಣ್ಣೆಗೆ ಇಳಿದ ಹಾಗೆ ಇಳೀತು ಅಂದ್ರೆ ಆ ಮರ ಲಡ್ಡು ಹಿಡಿದಿದೆ, ಕತ್ತರಿಸಿ ಹೊಸದು ಹಾಕಿ. ನಾಲ್ಕೂ ಮೂಲೆ ಕಂಬ ಹೋಗಿದ್ರೆ ರಿಪೇರಿ ಆಸೆ ಬಿಟ್ಟು ಹೊಸದೇ ಕಟ್ಟೋದು ವಾಸಿ, ಎರಡು ಕಂಬ ಗಟ್ಟಿ ಇದ್ರೂ ನಾನಾಗಿದ್ರೆ ಉಳಿಸ್ಕೊಳ್ತಿದ್ದೆ.

ಹಳೇ ಪೇಂಟ್ ಚಕ್ಕೆ ಚಕ್ಕೆಯಾಗಿ ಏಳ್ತಿದ್ರೆ ಹುಷಾರು. ಹಳೇ ಕಾಲದ ಬಣ್ಣಗಳಲ್ಲಿ ಸೀಸ ಇರ್ತಿತ್ತು, ಕೋಳಿ ಆ ಚಕ್ಕೆ ಕುಕ್ಕಿ ತಿಂದ್ರೆ ಸೀಸ ಮೊಟ್ಟೆಗೂ ಬರುತ್ತೆ. ಕೆಳಗೆ ಶೀಟ್ ಹಾಸ್ಕೊಂಡು, ಮರ ಒದ್ದೆ ಮಾಡಿ ಕೆರೀರಿ, ಒಣಗಿದ್ದಾಗ ಉಜ್ಜಿ ಧೂಳು ಎಬ್ಬಿಸ್ಬೇಡಿ, ಬಿದ್ದ ಚೂರೆಲ್ಲಾ ಸುತ್ತಿ ಆಚೆ ಹಾಕಿ. ಇನ್ನೊಂದು, ಇದನ್ನ ಯಾರೂ ಮಾಡಲ್ಲ, ಕೆಲಸ ಮುಗಿದ ಮೇಲೆ ದಾರಕ್ಕೆ ಒಂದು ಅಯಸ್ಕಾಂತ ಕಟ್ಟಿ ಗೂಡಿನ ಒಳಗೂ ಸುತ್ತಲೂ ಎಳೀರಿ. ಮೊಳೆ, ಸ್ಕ್ರೂ, ಮೆಶ್ ಕತ್ತರಿಸಿದಾಗ ಹಾರಿದ ತಂತಿ ಚೂರು ಎಷ್ಟು ಅಂಟ್ಕೊಂಡು ಬರುತ್ತೆ ಅಂತ ನೀವೇ ನೋಡಿ. ಬಾತುಗಳಿಗೆ ಹೊಳೆಯೋದು ಕಂಡ್ರೆ ಸಾಕು, ನುಂಗೇ ಬಿಡ್ತವೆ, ಗ್ಯಾಲ್ವನೈಸ್ ಮಾಡಿದ ತಂತಿಯ ಸತು ಹೊಟ್ಟೆಯಲ್ಲಿ ಕರಗಿದ್ರೆ ವಿಷ. ನನ್ನ ಒಂದು ಬಾತು ಹಾಗೇ ಹೋಯ್ತು, ಬೆಳಿಗ್ಗೆ ಕಾಲು ಎಳೀತಾ ಇತ್ತು, ಮೂರನೇ ದಿನಕ್ಕೆ ಇರ್ಲಿಲ್ಲ, ಹೊಟ್ಟೆ ಕೊಯ್ದು ನೋಡಿದ್ರೆ ನಾನೇ ಹಿಂದಿನ ವಾರ ಕತ್ತರಿಸಿದ್ದ ತಂತಿ.

ಕ್ಲೀನಿಂಗ್ ಮಾಡುವಾಗ ಮೊದಲು ಹಳೇ ಹಿಕ್ಕೆ ಮೇಲೆ ಸ್ವಲ್ಪ ನೀರು ಚಿಮುಕಿಸಿ, ಮಾಸ್ಕ್ ಹಾಕ್ಕೊಳ್ಳಿ, ಖಾಲಿ ಗೂಡಲ್ಲಿ ಇಲಿ ಸಂಸಾರ ಮಾಡಿರುತ್ತೆ, ಆ ಧೂಳು ಎದೆಗೆ ಇಳೀಬಾರ್ದು. ಪೂರ್ತಿ ಕೆರೆದು ತೆಗೆದ ಮೇಲೆ ಸೋಪಿನ ನೀರು, ಅದು ಒಣಗಿದ ಮೇಲೆ ಬ್ಲೀಚ್, ಹತ್ತು ಪಾಲು ನೀರಿಗೆ ಒಂದು ಪಾಲು. ಹಿಕ್ಕೆ ಅಂಟ್ಕೊಂಡಿರೋ ಹಲಗೆ ಮೇಲೆ ಬ್ಲೀಚ್ ಸುರಿಯೋದು ನೀರಲ್ಲಿ ಹೋಮ ಮಾಡಿದ ಹಾಗೆ, ಕೊಳೆ ಇದ್ದ ಕಡೆ ಅದು ಕೆಲಸಾನೇ ಮಾಡಲ್ಲ, ಅಷ್ಟೇ ಅಲ್ಲ, ಹಿಕ್ಕೆಯ ಅಮೋನಿಯಾ ಜೊತೆ ಸೇರಿ ಕೆಟ್ಟ ಗ್ಯಾಸ್ ಬರುತ್ತೆ. ಎಲ್ಲಾ ಬಾಗಿಲು ತೆಗೆದಿಟ್ಟು ಎರಡು ಮೂರು ದಿನ ಬಿಸಿಲು ಗಾಳಿ ಆಡ್ಲಿ. ಕೊನೆಗೆ ಒಳಗಡೆ ಸುಣ್ಣ. ಒಳಗೆ ಬೆಳಕೂ ಜಾಸ್ತಿ ಆಗುತ್ತೆ, ಬಿರುಕಿನಲ್ಲಿರೋ ಹುಳಕ್ಕೂ ಕಷ್ಟ ಆಗುತ್ತೆ. ಪೇಂಟ್ ಹೊಡೀಲೇಬೇಕು ಅಂತಿದ್ರೆ ಹೊರಗಡೆ ಹೊಡ್ಕೊಳ್ಳಿ.

ಇಷ್ಟೆಲ್ಲಾ ಆದ್ಮೇಲೂ ಅದು ಕೋಳಿಗೂಡು ಮಾತ್ರ, ಬಾತಿನ ಗೂಡು ಆಗಿಲ್ಲ. ಅದಕ್ಕೆ ಮುಂದಿನ ಪ್ರಶ್ನೆ ಓದಿ.

ಪ್ರಶ್ನೆ: ಆರು ತಿಂಗಳ ಹಿಂದೆ ಗೂಡು ರಿಪೇರಿ ಮಾಡಿಸಿ ಕೋಳಿ ಜೊತೆ ಮೂರು ಬಾತು ಬಿಟ್ವಿ. ಅವತ್ತಿಂದ ಒಳಗೆ ಯಾವಾಗಲೂ ರೊಚ್ಚೆ, ಹೊಟ್ಟು ಎಷ್ಟು ಹಾಕಿದ್ರೂ ಎರಡೇ ದಿನಕ್ಕೆ ಒದ್ದೆ, ಬೆಳಿಗ್ಗೆ ಬಾಗಿಲು ತೆಗೆದ್ರೆ ಕಣ್ಣುರಿ. ಕೋಳಿಗಳೂ ಸೀನ್ತಿವೆ. ಬಾತು ಸಾಕೋದೇ ತಪ್ಪಾ?

ಉತ್ತರ: ಬಾತು ತಪ್ಪಲ್ಲ, ನೀರಿನ ಪಾತ್ರೆ ಎಲ್ಲಿದೆ ಅಂತ ನೀವು ಬರೆದಿಲ್ಲ, ಆದ್ರೆ ನಂಗೆ ಗೊತ್ತು, ಗೂಡಿನ ಒಳಗಿದೆ. ಅದನ್ನ ಇವತ್ತೇ ಆಚೆ ಇಡಿ.

ಕೋಳಿ ನೀರು ಕುಡಿಯೋದು ಔಷಧಿ ಕುಡಿದ ಹಾಗೆ, ಒಂದು ಗುಟುಕು, ತಲೆ ಎತ್ತಿ, ಮತ್ತೊಂದು ಗುಟುಕು. ಬಾತು ಹಾಗಲ್ಲ, ಅದಕ್ಕೆ ನೀರು ಅಂದ್ರೆ ಕುಡಿಯೋದಕ್ಕೂ ಹೌದು, ಮೂಗು ತೊಳೆಯೋದಕ್ಕೂ ಹೌದು, ಬಾಯಲ್ಲಿರೋ ಫೀಡ್ ಕಲಸೋದಕ್ಕೂ ಹೌದು, ಆಟಕ್ಕೂ ಹೌದು. ಮೂಗಿನ ತೂತು, ಕಣ್ಣು ಮುಳುಗೋವಷ್ಟು ಆಳದ ನೀರು ಸಿಗದಿದ್ರೆ ಅದರ ಕಣ್ಣು ಮೂಗು ಕಟ್ಕೊಂಡು ಕಾಯಿಲೆ ಬೀಳುತ್ತೆ, ಹಾಗಾಗಿ ನೀರು ಕಮ್ಮಿ ಮಾಡೋ ಹಾಗೂ ಇಲ್ಲ. ಮುಳುಗಿಸಿದ ತಲೆ ಕೊಡವಿದ್ರೆ ಸುತ್ತ ಎರಡಡಿ ಸ್ನಾನ. ಅದರ ಹಿಕ್ಕೆಯಲ್ಲೂ ನೂರಕ್ಕೆ ಸುಮಾರು 90 ಭಾಗ ನೀರೇ. ಇಷ್ಟು ಸಾಲದು ಅಂತ ರಾತ್ರಿ ಉಸಿರಲ್ಲೂ ತೇವ ಬಿಡ್ತಾ ಇರ್ತವೆ. ಕೋಳಿಗೆ ಅಂತ ಕಟ್ಟಿದ ಗೂಡು ಇಷ್ಟು ನೀರನ್ನ ಯಾವ ಕಾಲದಲ್ಲಿ ಕಂಡಿತ್ತು ಹೇಳಿ. ಒದ್ದೆ ಹೊಟ್ಟು, ಹಿಕ್ಕೆ, ಬೆಚ್ಚಗಿನ ಗಾಳಿ ಮೂರೂ ಸೇರಿದ ಕಡೆ ಅಮೋನಿಯಾ ಹುಟ್ಟುತ್ತೆ, ನಿಮ್ಮ ಕಣ್ಣುರಿ ಅದೇ, ಕೋಳಿ ಸೀನೋದೂ ಬಹುಶಃ ಅದಕ್ಕೇ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 25 ಪಾಲು ಅಮೋನಿಯಾ ಇದ್ರೇ ಹಕ್ಕಿಗಳ ಶ್ವಾಸನಾಳಕ್ಕೆ ಪೆಟ್ಟು, ನಮ್ಮ ಮೂಗಿಗೆ ಘಾಟು ಸರಿಯಾಗಿ ಹೊಡೆಯೋದೂ ಸುಮಾರು ಅಷ್ಟಕ್ಕೇ, ಅಂದ್ರೆ ನಮಗೆ ವಾಸನೆ ಬಂತು ಅಂದ್ರೆ ಅವಕ್ಕೆ ಆಗ್ಲೇ ತಡ ಆಗಿದೆ. ನಿಂತ್ಕೊಂಡು ಮೂಸಬೇಡಿ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಕುಕ್ಕರಗಾಲಲ್ಲಿ ಕೂತು ಬಾತಿನ ಎತ್ತರದಲ್ಲಿ ಮೂಸಿ.

ಈಗ ಕೆಲಸಕ್ಕೆ ಬನ್ನಿ. ಗೂಡಿನಿಂದ ಕನಿಷ್ಠ ಹತ್ತಡಿ ದೂರ, ನೆಲ ಇಳಿಜಾರಿರೋ ಕಡೆ, ನಾಲ್ಕಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೆಗೀರಿ, ತಳದಲ್ಲಿ ದಪ್ಪ ಕಲ್ಲು, ಮೇಲೆ ಸಣ್ಣ ಜಲ್ಲಿ. ಅದರ ಮೇಲೆ ಮರದ ಚೌಕಟ್ಟಿಗೆ ಪ್ಲಾಸ್ಟಿಕ್ ಕೋಟಿಂಗ್ ಇರೋ ಮೆಶ್ ಬಿಗಿದು ಕೂರಿಸಿ, ಬರೀ ತಂತಿ ಆದ್ರೆ ಬಾತಿನ ಪಾದ ಗಾಯ ಆಗುತ್ತೆ. ಟಬ್ ಇರೋದು ಈ ಮೆಶ್ ಮೇಲೆ. ಎಷ್ಟು ಚೆಲ್ಲಿದ್ರೂ ಜಲ್ಲಿಗೆ ಇಳಿಯುತ್ತೆ. ಜಲ್ಲಿಯಲ್ಲಿ ಕೆಸರು ಕಟ್ಕೊಂಡಾಗ ತೆಗೆದು ತೊಳೆದು ಮತ್ತೆ ಹಾಕಿ, ಆ ಕೆಸರು ನೀರನ್ನ ಗಿಡದ ಬುಡಕ್ಕೆ ಹಾಕಬಹುದು. ಟಬ್ ಒಳಗೆ ಒಂದು ಇಟ್ಟಿಗೆ ಮೆಟ್ಟಿಲ ಹಾಗೆ ಇಡಿ, ಅಪ್ಪಿತಪ್ಪಿ ಕೋಳಿ ಬಿದ್ರೆ ಹತ್ತಿ ಬರೋಕೆ.

ರಾತ್ರಿ ನೀರು ಬೇಡ್ವಾ ಅಂತ ಕೇಳ್ತೀರಿ. ಬೆಳೆದ ಬಾತುಗಳಿಗೆ ರಾತ್ರಿ ಫೀಡ್ ಇಡದಿದ್ರೆ ನೀರೂ ಬೇಡ, ಬೆಳಗಾದ ತಕ್ಷಣ ಬಾಗಿಲು ತೆಗೆದ್ರೆ ಸಾಕು. ಫೀಡ್ ಇಟ್ಟು ನೀರು ಇಡದೇ ಇರೋದು ಮಾತ್ರ ಅಪಾಯ, ಒಣ ಫೀಡ್ ಗಂಟಲಿಗೆ ಸಿಕ್ಕಾಕ್ಕೊಳ್ಳುತ್ತೆ, ಎರಡೂ ಇರ್ಬೇಕು ಇಲ್ಲಾ ಎರಡೂ ಇರ್ಬಾರ್ದು. ಸೆಕೆ ಜಾಸ್ತಿ ಇರೋ ರಾತ್ರಿ, ಅಥವಾ ನೀವು ತಡವಾಗಿ ಏಳೋರಾದ್ರೆ, ಒಂದು ಮುಚ್ಚಳದ ಪ್ಲಾಸ್ಟಿಕ್ ಕ್ಯಾನ್‌ನ ಪಕ್ಕದಲ್ಲಿ ತಲೆ ಮಾತ್ರ ತೂರೋ ಹಾಗೆ ತೂತು ಕೊರೆದು, ಅಗಲದ ಟ್ರೇ ಒಳಗಿಡಿ, ಸ್ನಾನಕ್ಕೆ ಆಗಲ್ಲ, ಕುಡಿಯೋಕೆ ಆಗುತ್ತೆ.

ಇನ್ನು ಗಾಳಿ. ಥಂಡಿ ಆಗುತ್ತೆ ಅಂತ ಮೇಲಿನ ಕಿಂಡಿಗೆಲ್ಲಾ ಗೋಣಿಚೀಲ ತುರುಕೋದು ನೋಡಿದೀನಿ, ಬೇಡ. ಪುಕ್ಕ ಒಣಗಿರೋವರೆಗೂ ಅವು ಚಳಿ ತಡ್ಕೊಳ್ತವೆ, ತೇವ ತಡ್ಕೊಳ್ಳಲ್ಲ. ಬೆಚ್ಚಗಿನ ತೇವದ ಗಾಳಿ ಮೇಲಕ್ಕೆ ಹೋಗುತ್ತೆ, ಅದು ಆಚೆ ಹೋಗೋಕೆ ಸೂರಿನ ಕೆಳಗೆ ಎರಡೂ ಕಡೆ ಉದ್ದಕ್ಕೆ ಕಿಂಡಿ ಬಿಟ್ಟು ಮೆಶ್ ಹೊಡೀರಿ, ಕೋಲಿನ ಮೇಲೆ ಕೂತ ಕೋಳಿಯ ತಲೆಗಿಂತ ಮೇಲೆ ಇದ್ರೆ ಗಾಳಿ ಮೈಗೆ ಹೊಡಿಯಲ್ಲ. ತಗಡಿನ ಒಳಗಡೆ ಬೆಳಿಗ್ಗೆ ಹನಿ ಕಟ್ಟಿದ್ರೆ ಕಿಂಡಿ ಸಾಲದು ಅಂತ ಅರ್ಥ.

ಮರದ ನೆಲ ಆದ್ರೆ ಅದರ ಮೇಲೆ ವಿನೈಲ್ ಶೀಟ್ ಹಾಸಿ, ಅಂಚನ್ನ ಗೋಡೆ ಮೇಲೆ ಅರ್ಧ ಅಡಿ ಹತ್ತಿಸಿ, ಇಲ್ದಿದ್ರೆ ಎರಡು ವರ್ಷಕ್ಕೆ ಹಲಗೆ ಕೊಳೆತು ಹೋಗುತ್ತೆ. ಸಿಮೆಂಟ್ ನೆಲ ಆದ್ರೆ ಬಾಗಿಲ ಕಡೆ ಸ್ವಲ್ಪ ಇಳಿಜಾರು, ಮೇಲೆ ಐದಾರು ಇಂಚು ಹಾಸು. ಹಾಸೋಕೆ ಹತ್ತರಿ ಹೊಡೆದಾಗ ಬರೋ ಮರದ ಸುರುಳಿ ಒಳ್ಳೇದು, ಹೊಟ್ಟು ಹುಲ್ಲೂ ಆಗುತ್ತೆ, ಬೂಷ್ಟು ಹಿಡಿದದ್ದು ಮಾತ್ರ ಬೇಡವೇ ಬೇಡ, ಬೂಷ್ಟಿನ ಪುಡಿ ಶ್ವಾಸಕೋಶಕ್ಕೆ ಹೋದ್ರೆ ಬಾತು ಉಳಿಯೋದು ಕಷ್ಟ.

ಪ್ರಶ್ನೆ: ಗೂಡಲ್ಲಿ ಮೂರು ಸಾಲು ಕೂರೋ ಕೋಲು, ನಾಲ್ಕು ಮೊಟ್ಟೆ ಬಾಕ್ಸ್ ಇವೆ. ಬಾತುಗಳಿಗೂ ಕೋಲು ಬೇಕಾ? ಏಣಿ ಇಟ್ಟಿದೀನಿ, ಒಂದೂ ಹತ್ತಲ್ಲ.

ಉತ್ತರ: ಹತ್ತಲ್ಲ, ಹತ್ತಬೇಕಾಗೂ ಇಲ್ಲ. ಸಾಮಾನ್ಯ ಬಾತು ಮಲಗೋದು ನೆಲದ ಮೇಲೆ, ಮಸ್ಕವಿ ಜಾತಿ ಮಾತ್ರ ಎತ್ತರಕ್ಕೆ ಹಾರಿ ಕೂರುತ್ತೆ. ಹಾಗಾಗಿ ಕೋಲೆಲ್ಲಾ ಗೂಡಿನ ಒಂದೇ ಬದಿಗೆ ತನ್ನಿ, ಇನ್ನೊಂದು ಬದಿ ಬಾತಿಗೆ ಬಿಡಿ, ಇಲ್ಲಾಂದ್ರೆ ರಾತ್ರಿಯಿಡೀ ಕೋಳಿ ಹಿಕ್ಕೆ ಬಾತಿನ ಬೆನ್ನ ಮೇಲೆ. ಕೋಲಿನ ಕೆಳಗೆ ಒಂದು ಹಲಗೆ ಕೊಟ್ರೆ ಬೆಳಿಗ್ಗೆ ಕೆರೆದು ತೆಗೆದ್ರಾಯ್ತು, ಅರ್ಧ ಗಲೀಜು ನೆಲಕ್ಕೇ ಬರಲ್ಲ. ಕೋಲು ಒಂದಕ್ಕಿಂತ ಒಂದು ಎತ್ತರ ಇದ್ರೆ ಎಲ್ಲವೂ ಮೇಲಿನದಕ್ಕೇ ಜಗಳ ಆಡ್ತವೆ, ಒಂದೇ ಮಟ್ಟಕ್ಕೆ ತನ್ನಿ, ಎರಡು ಎರಡೂವರೆ ಅಡಿ ಎತ್ತರ, ಕೋಳಿಗೆ ತಲಾ 9 ಇಂಚು ಜಾಗ. ಅಂಚು ಉಜ್ಜಿ ನುಣ್ಣಗೆ ಮಾಡಿ.

ಬಾಕ್ಸ್ ಅಡಿ ಚೌಕದ್ದು, ನಾಲ್ಕೈದು ಕೋಳಿಗೆ ಒಂದು ಸಾಕು, ಕೋಲಿಗಿಂತ ಕೆಳಗೆ ಇರ್ಬೇಕು, ಮೇಲಿದ್ರೆ ಅದರಲ್ಲೇ ಮಲಗಿ ಹೇಸಿಗೆ ಮಾಡ್ತವೆ. ಬಾತಿಗೆ ನೆಲದ ಮೂಲೆಯಲ್ಲಿ ಒಂದು ಹಲಗೆ ಅಡ್ಡ ಇಟ್ಟು ಹುಲ್ಲು ಹಾಕಿದ್ರೆ ಅದೇ ಅರಮನೆ, ಕೆಲವು ಅದನ್ನೂ ಬಿಟ್ಟು ಎಲ್ಲಿ ನಿಂತಿದ್ವೋ ಅಲ್ಲೇ ಉದುರಿಸ್ತವೆ. ಬಹುಪಾಲು ಬೆಳಗಿನ ಜಾವವೇ ಇಡೋದ್ರಿಂದ ಎಂಟು ಗಂಟೆವರೆಗೂ ಒಳಗೇ ಬಿಟ್ರೆ ಮೊಟ್ಟೆ ಹುಡುಕ್ಕೊಂಡು ಪೊದೆಗೆ ಹೋಗೋದು ತಪ್ಪುತ್ತೆ, ಆದ್ರೆ ಅಲ್ಲಿವರೆಗೂ ಕುಡಿಯೋಕೆ ಆ ತೂತಿನ ಕ್ಯಾನ್ ಇಟ್ಟಿರಿ.

ನೀವು ಹೇಳೋ ಏಣಿ ಗೂಡಿನ ಬಾಗಿಲಿಗೂ ಇದ್ರೆ ಅದನ್ನೂ ತೆಗೀರಿ. ಬಾತಿಗೆ ಬೇಕಾಗಿರೋದು ಅಗಲದ ಇಳಿಜಾರು ಹಲಗೆ, ಜಾರದ ಹಾಗೆ ಅಡ್ಡಪಟ್ಟಿ, ಎರಡೂ ಪಕ್ಕ ಸಣ್ಣ ಕಟ್ಟೆ. ಬಾಗಿಲೂ ಹದಿನೈದು ಇಂಚಾದ್ರೂ ಅಗಲ ಇರ್ಲಿ, ಬೆಳಿಗ್ಗೆ ಎಲ್ಲಾ ಒಟ್ಟಿಗೇ ನುಗ್ಗೋದು ಅವುಗಳ ಅಭ್ಯಾಸ.

ಪ್ರಶ್ನೆ: ಹೊಸ ಕೋಳಿ ಮೆಶ್ ಹಾಕಿ ತಿಂಗಳಾಗಿಲ್ಲ, ನಾಯಿ ಹರಿದು ಒಳಗೆ ಬಂತು. ಇನ್ನೂ ದಪ್ಪ ತಂತಿಯದ್ದು ಸಿಗುತ್ತಾ?

ಉತ್ತರ: ಆರು ಮೂಲೆ ತೂತಿನ ಆ ಮೆಶ್ ಕೋಳಿ ಆಚೆ ಹೋಗದ ಹಾಗೆ ತಡೆಯೋಕೆ, ನಾಯಿ ಒಳಗೆ ಬರದ ಹಾಗೆ ತಡೆಯೋಕಲ್ಲ. ಅರ್ಧ ಇಂಚು ಚೌಕದ ವೆಲ್ಡ್ ಮೆಶ್ ತಗೊಳ್ಳಿ, ಸ್ಟೇಪಲ್ ಪಿನ್ ಮಾತ್ರ ನಂಬ್ಕೋಬೇಡಿ, ವಾಷರ್ ಹಾಕಿ ಸ್ಕ್ರೂ ಬಿಗೀರಿ ಇಲ್ಲಾ ಮೇಲೊಂದು ಮರದ ಪಟ್ಟಿ ಕೊಟ್ಟು ಮೊಳೆ ಹೊಡೀರಿ. ಆದ್ರೆ ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋ ಜಾತಿ ಇವು, ಗೋಡೆ ಗಟ್ಟಿಯಾದ್ರೆ ನೆಲ ತೋಡ್ತವೆ. ಅದಕ್ಕೆ ಗೋಡೆ ಬುಡದಿಂದ ಹೊರಗಡೆಗೆ ಒಂದೂವರೆ ಎರಡಡಿ ಮೆಶ್ ನೆಲದ ಮೇಲೇ ಮಲಗಿಸಿ, ಗೋಡೆಗೆ ಕಟ್ಟಿ, ಮೇಲೆ ಮಣ್ಣು ಕಲ್ಲು ಹಾಕಿ. ತೋಡೋ ಪ್ರಾಣಿ ಗೋಡೆ ಬುಡದಲ್ಲೇ ಶುರು ಮಾಡೋದು, ಉಗುರಿಗೆ ತಂತಿ ಸಿಗುತ್ತೆ, ಎರಡಡಿ ಹಿಂದೆ ಹೋಗಿ ತೋಡೋ ಬುದ್ಧಿ ಸಾಮಾನ್ಯವಾಗಿ ಬರಲ್ಲ. ಇಲಿಮರಿ ಅರ್ಧ ಇಂಚಲ್ಲೂ ನುಸುಳುತ್ತೆ, ಅದಕ್ಕೆ ಕೆಳಗಿನ ಒಂದಡಿಗೆ ಕಾಲಿಂಚಿನದು ಹಾಕಿದ್ರೆ ಒಳ್ಳೇದು. ಕಿಂಡಿಗಳನ್ನ ಮರೀಬೇಡಿ, ಎಲ್ಲರೂ ಗೋಡೆಗೆ ಮಾಡಿ ಸೂರಿನ ಸಂದು ಹಾಗೇ ಬಿಡ್ತಾರೆ, ಹಾವು, ಮುಂಗುಸಿ ಬರೋದು ಅಲ್ಲಿಂದ. ಬಾಗಿಲಿಗೆ ಚಿಲಕದ ಜೊತೆ ಒಂದು ಕೊಕ್ಕೆ.

ಪ್ರಶ್ನೆ: ರಾತ್ರಿ ಕೋಳಿಗಳು ಗೂಡಿಗೆ ಹೋಗೋಕೆ ಒಪ್ಪಲ್ಲ, ಮರ ಹತ್ತುತ್ತವೆ. ಜುಟ್ಟು ಬಿಳಿಚಿಕೊಂಡಿದೆ. ಬೆಳಿಗ್ಗೆ ನೋಡಿದ್ರೆ ಮೈಯಲ್ಲಿ ಒಂದು ಹೇನೂ ಇಲ್ಲ.

ಉತ್ತರ: ಹಗಲು ನೋಡಿದ್ರೆ ಸಿಗಲ್ಲ, ಅದು ಮೈಯಲ್ಲಿರೋ ಹೇನಲ್ಲ, ಗೂಡಲ್ಲಿರೋ ಕೆಂಪು ನುಸಿ. ಹಗಲೆಲ್ಲಾ ಕೋಲಿನ ಸಂದು, ಹಲಗೆ ಬಿರುಕಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ವಾಪಸ್ ಹೋಗುತ್ತೆ. ಕತ್ತಲಾಗಿ ಎರಡು ಗಂಟೆ ಆದ್ಮೇಲೆ ಬಿಳೀ ಟಿಶ್ಯೂ ತಗೊಂಡು ಕೋಲಿನ ಅಡಿಭಾಗ ಒರೆಸಿ, ಕೆಂಪು ಗೀಟು ಬಂದ್ರೆ ಅದೇ. ರಕ್ತ ಸಿಗದೇನೂ ಎಂಟು ತಿಂಗಳವರೆಗೆ ಬದುಕುತ್ತೆ, ಹಾಗಾಗಿ ಗೂಡು ಎರಡು ತಿಂಗಳು ಖಾಲಿ ಬಿಟ್ಟಿದ್ದೆ ಅನ್ನೋದು ಉಪಯೋಗಕ್ಕೆ ಬರಲ್ಲ. ಕೋಲುಗಳನ್ನ ಬಿಚ್ಚಿ ಆಚೆ ತನ್ನಿ, ಕೋಲು ಕೂರೋ ತೂತಿಗೆ ಕುದಿಯೋ ನೀರು ಸುರೀರಿ, ಬಿರುಕೆಲ್ಲಾ ಮುಚ್ಚಿ, ಕೋಳಿಗಳ ಗೂಡಿಗೆ ಅಂತಲೇ ಬರೋ ನುಸಿ ಔಷಧಿ ಪಶುವೈದ್ಯರನ್ನ ಕೇಳಿ ಹೊಡೀರಿ. ಮೊಟ್ಟೆಯಿಂದ ದೊಡ್ಡದಾಗೋಕೆ ಅದಕ್ಕೆ ವಾರ ಹತ್ತು ದಿನ ಸಾಕು, ಆದ್ರಿಂದ ಏಳನೇ ದಿನಕ್ಕೆ ಇನ್ನೊಂದು ಸಲ ಮಾಡ್ಲೇಬೇಕು, ಒಂದೇ ಸಲ ಮಾಡಿ ಹೋಗ್ಲಿಲ್ಲ ಅಂತ ಬರೀಬೇಡಿ. ಹೊಸದಾಗಿ ರಿಪೇರಿ ಮಾಡೋರು ಕೋಲನ್ನ ಮೊಳೆ ಹೊಡೆದು ಕೂರಿಸದೆ, ಎತ್ತಿದ್ರೆ ಬರೋ ಹಾಗೆ ಮಾಡಿ.

ಪ್ರಶ್ನೆ: ಗಂಡು ಬಾತು ಕೋಳಿಗಳ ಮೇಲೆ ಹತ್ತುತ್ತೆ. ನಗು ಬರುತ್ತೆ, ಆದ್ರೆ ತೊಂದ್ರೆ ಇದೆಯಾ?

ಉತ್ತರ: ಇದೆ, ನಗೋ ವಿಷಯ ಅಲ್ಲ. ಹುಂಜಕ್ಕೆ ಇಲ್ಲದ ಅಂಗ ಗಂಡು ಬಾತಿಗಿದೆ, ಕೋಳಿಯ ಮೈ ಅದಕ್ಕೆ ಆಗಿ ಬಂದಿದ್ದಲ್ಲ, ಒಳಗೆ ಗಾಯ ಆಗಿ ಸಾಯೋದೂ ಉಂಟು. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಬಾತು ಇರ್ಲಿ, ಆಗ್ಲೂ ಬಿಡದಿದ್ರೆ ಗೂಡಿನ ಮಧ್ಯೆ ಮೆಶ್ ಗೋಡೆ ಎಬ್ಬಿಸಿ ಎರಡು ಬಾಗಿಲು ಮಾಡಿ. ರಿಪೇರಿ ಹೊತ್ತಲ್ಲೇ ಆ ಮಧ್ಯದ ಗೋಡೆಗೆ ಚೌಕಟ್ಟು ಇಟ್ಕೊಂಡಿದ್ರೆ ಕಾಯಿಲೆ ಬಂದಾಗ, ಹೊಸ ಹಕ್ಕಿ ತಂದಾಗ, ಕಾವಿಗೆ ಕೂತಾಗ ಎಲ್ಲಕ್ಕೂ ಆಗುತ್ತೆ. ಮೊಟ್ಟೆ ಮಾತ್ರ ಬೇಕು ಅನ್ನೋರಿಗೆ ಗಂಡು ಬಾತೇ ಬೇಡ.

ಪ್ರಶ್ನೆ: ಎರಡಕ್ಕೂ ಒಂದೇ ಫೀಡ್ ಹಾಕಬಹುದಾ?

ಉತ್ತರ: ಮೊಟ್ಟೆ ಇಡೋ ವಯಸ್ಸಿನವಕ್ಕೆ ಹಾಕಬಹುದು, ಪುಡಿ ಬೇಡ, ಪೆಲೆಟ್ ಅಂದ್ರೆ ಗುಳಿಗೆ ಥರದ್ದು ಇರ್ಲಿ. ಮರಿಗಳಿಗೆ ಮಾತ್ರ ವ್ಯತ್ಯಾಸ ಇದೆ, ಬಾತಿನ ಮರಿಗೆ ನಯಾಸಿನ್ ಅನ್ನೋ ವಿಟಮಿನ್ ಕೋಳಿಮರಿಗಿಂತ ಹೆಚ್ಚು, ಕೇಜಿ ಫೀಡ್‌ಗೆ 55 ಮಿಲಿಗ್ರಾಂನಷ್ಟು ಬೇಕು, ಕಮ್ಮಿ ಆದ್ರೆ ಕಾಲು ಸೊಟ್ಟ. ನಯಾಸಿನ್ ಇರೋ ಬ್ರೂವರ್ಸ್ ಯೀಸ್ಟ್ ಪುಡಿ ಫೀಡ್‌ಗೆ ಕಲಸಿ ಕೊಡಿ. ಮೊಟ್ಟೆ ಕೋಳಿಯ ಫೀಡ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ, ಮರಿಗಳಿಗೆ ಅದನ್ನ ಹಾಕಬೇಡಿ, ಕಿಡ್ನಿಗೆ ಹೊಡೆತ.

ಪ್ರಶ್ನೆ: ಗೂಡಲ್ಲಿದ್ದ ಕೋಳಿಗಳೆಲ್ಲಾ ಒಂದೇ ವಾರದಲ್ಲಿ ಸತ್ತವು, ಬಾತುಗಳು ಮಾತ್ರ ಚೆನ್ನಾಗಿವೆ. ಕ್ಲೀನ್ ಮಾಡಿ ಹೊಸ ಕೋಳಿ ತರೋಣ್ವಾ?

ಉತ್ತರ: ಈಗಲೇ ಬೇಡ. ಬಾತು ಚೆನ್ನಾಗಿದೆ ಅನ್ನೋದೇ ನನಗೆ ಭಯ. ಹಕ್ಕಿಜ್ವರದ ವೈರಸ್ ಇಟ್ಕೊಂಡೂ ಬಾತು ಆರಾಮಾಗಿ ಓಡಾಡಬಹುದು, ಅದೇ ವೈರಸ್‌ಗೆ ಕೋಳಿ ಎರಡು ದಿನದಲ್ಲಿ ಸಾಯುತ್ತೆ. ಬೇರೆ ಕಾಯಿಲೆಯೂ ಇರಬಹುದು, ಆದ್ರೆ ಇದು ಊಹೆ ಮಾಡೋ ವಿಷಯ ಅಲ್ಲ, ಪಶುವೈದ್ಯರಿಗೆ ಇವತ್ತೇ ತಿಳಿಸಿ, ಸತ್ತ ಹಕ್ಕಿನ ಬರಿಗೈಯಲ್ಲಿ ಮುಟ್ಟಬೇಡಿ, ಅವರು ಹೇಳೋವರೆಗೂ ಬಾತುಗಳನ್ನ ಯಾರಿಗೂ ಕೊಡ್ಬೇಡಿ. ಅವರು ಸರಿ ಅಂದ ಮೇಲೆ ಗೂಡಿನ ಮಣ್ಣು ಮೂರು ಇಂಚು ತೆಗೆದು ಹೊಸದು ಹಾಕಿ, ಫೀಡ್ ಇಡೋ ಕಡೆ ಮೇಲೆ ಚಾವಣಿ ಇರ್ಲಿ, ಕಾಡುಹಕ್ಕಿ ಹಿಕ್ಕೆ ಅದರಲ್ಲಿ ಬೀಳಬಾರದು.

ಪ್ರಶ್ನೆ: ಗೂಡು ರೆಡಿ, ಕೋಳಿ ಸಂಜೆ ತಾವೇ ಹೋಗ್ತವೆ. ಬಾತುಗಳು ಮಾತ್ರ ಕತ್ತಲಾದ್ರೂ ಅಂಗಳದಲ್ಲೇ. ಹಿಡ್ಕೊಂಡು ಹೋಗೋಕೆ ಮೂರು ಜನ ಬೇಕು.

ಉತ್ತರ: ಹಿಡೀಬೇಡಿ, ಅಟ್ಟಿ. ಕತ್ತಲು ಬಿದ್ರೆ ಕೋಳಿಗೆ ಕಣ್ಣು ಕಾಣಲ್ಲ, ಅದಕ್ಕೇ ಸೂರ್ಯ ಮುಳುಗೋ ಮುಂಚೆ ಒಳಗೆ, ಬಾತಿಗೆ ರಾತ್ರಿನೂ ಅಷ್ಟಿಷ್ಟು ಕಾಣುತ್ತೆ, ಅವಸರ ಇಲ್ಲ. ಮೊದಲ ನಾಲ್ಕೈದು ದಿನ ಗೂಡು, ಅದಕ್ಕೆ ಅಂಟಿದ ಅಂಗಳ ಬಿಟ್ಟು ಬೇರೆಲ್ಲೂ ಬಿಡಬೇಡಿ. ದಿನಾ ಒಂದೇ ಹೊತ್ತಿಗೆ, ಕೋಳಿ ಹೋದ ಹತ್ತು ನಿಮಿಷಕ್ಕೆ, ಎರಡೂ ಕೈಯಲ್ಲಿ ಉದ್ದ ಕೋಲು ಹಿಡಿದು ತೋಳು ಚಾಚಿ ನಿಧಾನಕ್ಕೆ ಹಿಂದಿನಿಂದ ನಡೀರಿ, ಅವು ಸಾಲಾಗಿ ಮುಂದೆ ಹೋಗ್ತವೆ, ಒಳಗೆ ಹೋದ ಮೇಲೆ ಒಂದು ಹಿಡಿ ತಿಂಡಿ, ಪಕ್ಕದಲ್ಲೇ ಆ ಕ್ಯಾನ್ ನೀರು. ಒಳಗೆ ಕಗ್ಗತ್ತಲೆ ಇದ್ರೆ ಬಾಗಿಲಲ್ಲೇ ನಿಂತು ವಾಪಸ್ ತಿರುಗ್ತವೆ, ಮೊದಲ ವಾರ ಒಂದು ಸಣ್ಣ ಲೈಟ್ ಹಚ್ಚಿಡಿ. ಯಾವತ್ತಾದ್ರೂ ಹಿಡೀಲೇಬೇಕಾದ್ರೆ ಕಾಲು ಹಿಡಿದು ಎತ್ತಬೇಡಿ, ಕೋಳಿ ಕಾಲಿನಷ್ಟು ಗಟ್ಟಿ ಅಲ್ಲ, ಮುರಿಯುತ್ತೆ, ಎರಡೂ ರೆಕ್ಕೆ ಮೈಗೆ ಒತ್ತಿ ಕಂಕುಳಲ್ಲಿ ಇಟ್ಕೊಳ್ಳಿ, ಬಾಲದ ಕಡೆ ಹಿಂದಕ್ಕೆ ತಿರುಗಿರ್ಲಿ, ಯಾಕೆ ಅಂತ ಒಂದು ಸಲ ಮುಂದಕ್ಕೆ ತಿರುಗಿಸಿ ಹಿಡಿದ್ರೆ ನಿಮಗೇ ಗೊತ್ತಾಗುತ್ತೆ.